ಬೆನ್ನಿಗೊಂದು ಕಾವಲು

ಮಂತ್ರಿಗಳ ಕಾರಿನ ಹಿಂದೆಮುಂದೆ ಓಡುವ ಜೀಪುಗಳಿಂದಾಗಿ ‘ಬೆಂಗಾವಲು’ ಎಂಬ ಪದ ಪತ್ರಿಕೆಗಳಲ್ಲಿ ಸವೆದುಹೋಗಿದೆ. ಬೆಂಗಾವಲು ವಾಹನ ಪಲ್ಟಿ, ಬೆಂಗಾವಲು ಪಡೆಯ ಭರಾಟೆಗೆ ಸಂಚಾರ ಅಸ್ತವ್ಯಸ್ತ. ಬಿಡಿಸಿದರೆ ಬೆನ್ನು ಮತ್ತು ಕಾವಲು, ಆದೇಶ ಸಂಧಿ. ಅದೇ ಬೆನ್ನು, ಅದೇ ಸಂಧಿ ‘ಬೆಂಬತ್ತು’ ಎನ್ನುವುದರಲ್ಲೂ ಇದೆ. ಕಾಯುವವನೂ ಅಟ್ಟಿಸಿಕೊಂಡು ಬರುವವನೂ ನಿಲ್ಲುವ ಜಾಗ ಒಂದೇ.

ಎರಡನೇ ಮಹಾಯುದ್ಧದ ಅಟ್ಲಾಂಟಿಕ್‌ನಲ್ಲಿ ಎರಡಕ್ಕೂ ಕೈತುಂಬ ಕೆಲಸವಿತ್ತು. 1940ರ ಸೆಪ್ಟೆಂಬರ್ 13ರಂದು ಲಿವರ್‌ಪೂಲ್‌ನಿಂದ ಸರಕು ಹಡಗುಗಳ ಸಾಲಿನೊಂದಿಗೆ ಹೊರಟ ‘ಸಿಟಿ ಆಫ್ ಬನಾರಸ್’ ಹಡಗನ್ನೇ ನೋಡಿ. ಹೆಸರು ಕಾಶಿಯದು, ಕಟ್ಟಿದ್ದು ಗ್ಲಾಸ್ಗೋದಲ್ಲಿ. ಬಾಂಬ್ ದಾಳಿಯಿಂದ ಪಾರುಮಾಡಲೆಂದು ಸರ್ಕಾರವೇ ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. ಇದ್ದ ಯುದ್ಧನೌಕೆಗಳು ಕಡಿಮೆಯಾದ್ದರಿಂದ ಬೆಂಗಾವಲಿಗೂ ಒಂದು ಗಡಿ ಹಾಕಿದ್ದರು. ಅಲ್ಲಿಯವರೆಗೆ ಬಿಟ್ಟುಬರುವುದು, ಹಿಂತಿರುಗುವಾಗ ಬ್ರಿಟನ್ನಿನತ್ತ ಬರುವ ಇನ್ನೊಂದು ಸಾಲನ್ನು ಕರೆತರುವುದು. ಅದರಂತೆ 17ರ ನಸುಕಿನಲ್ಲೇ ‘ವಿಂಚೆಲ್ಸಿ’ ಯುದ್ಧನೌಕೆ ಹೊರಟುಹೋಯಿತು. ಸರಕು ಹಡಗುಗಳು ಮಾತ್ರ ಚದುರದೆ, ನಿಧಾನಗತಿಯ ಹಡಗಿಗೆ ಹೊಂದಿಕೊಂಡು, ಸಾಲಿನಲ್ಲೇ ಮುಂದುವರಿದವು. ಬನಾರಸ್ ಇನ್ನೂ ಜೋರಾಗಿ ಓಡಬಲ್ಲ ಹಡಗು. ಅದನ್ನು ಒಂಟಿಯಾಗಿ ಓಡಲು ಬಿಡಬೇಕಿತ್ತೆಂದು ನನಗನ್ನಿಸುತ್ತದೆ. ದಡದಲ್ಲಿ ಕೂತು ಹೀಗೆನ್ನುವುದು ಸುಲಭ, ಬಿಡಿ.

ಹಗಲೆಲ್ಲ ಬೆಂಬತ್ತಿದ್ದು ಯು-48 ಎಂಬ ಜರ್ಮನ್ ಜಲಾಂತರ್ಗಾಮಿ. ಮೊದಲ ಎರಡು ಟಾರ್ಪಿಡೊಗಳು ಗುರಿ ತಪ್ಪಿದವು. ರಾತ್ರಿ ಹತ್ತರ ಸುಮಾರಿಗೆ ಮೂರನೆಯದು ತಗುಲಿತು. ಅರ್ಧ ಗಂಟೆಯಲ್ಲಿ ಹಡಗು ಮುಳುಗಿತು. ಬಿರುಗಾಳಿಯಲ್ಲಿ ದೋಣಿಗಳು ಇಳಿಸುವಾಗಲೇ ಮಗುಚಿದವು, ಇಳಿದ ದೋಣಿಗಳಲ್ಲಿ ಸೊಂಟದ ಮಟ್ಟಕ್ಕೆ ನೀರು. ಜೊತೆಯ ಹಡಗುಗಳು ನಿಲ್ಲಲಿಲ್ಲ, ನಿಲ್ಲಕೂಡದೆಂದೇ ಆಜ್ಞೆ. ನಿಂತರೆ ಮುಂದಿನ ಗುರಿ ತಾವೇ. ನೆರವಿಗೆ ‘ಹರಿಕೇನ್’ ನೌಕೆ ಬರುವ ಹೊತ್ತಿಗೆ ಮರುದಿನ ಮಧ್ಯಾಹ್ನವಾಗಿತ್ತು. ಆ 90 ಮಕ್ಕಳಲ್ಲಿ 77 ಮಂದಿ ಸತ್ತರು. ಮಕ್ಕಳನ್ನು ಕಡಲಾಚೆಗೆ ಕಳಿಸುವ ಆ ಯೋಜನೆಯನ್ನೇ ಸರ್ಕಾರ ಕೈಬಿಟ್ಟಿತು.

ಹಡಗಿನ ಸಿಬ್ಬಂದಿಯಲ್ಲಿ ಬಹುಪಾಲು ನಮ್ಮ ದೇಶದವರು. ಅವರಿಗೆ ‘ಲ್ಯಾಸ್ಕರ್’ ಎಂಬ ಹೆಸರು. ಇದೂ ಒಂದು ವಿಚಿತ್ರ ಪದ. ಫಾರ್ಸಿಯ ಲಷ್ಕರ್ ಎಂದರೆ ಸೈನ್ಯ, ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿರುವುದೂ ಅದೇ. ಪೋರ್ಚುಗೀಸರ ಬಾಯಲ್ಲಿ ಹಾದು ಬರುವಷ್ಟರಲ್ಲಿ ಕತ್ತಿ ಬಿದ್ದುಹೋಗಿ, ಕೈಗೆ ಕಲ್ಲಿದ್ದಲಿನ ಸಲಿಕೆ ಬಂದಿತ್ತು. ಯುದ್ಧ ಶುರುವಾದಾಗ ಇವರ ಸಂಬಳ ಬಿಳಿಯ ನಾವಿಕನದರ ಕಾಲುಭಾಗವೂ ಇರಲಿಲ್ಲ. ಹೆಚ್ಚಿಸಿ ಎಂದು ಮುಷ್ಕರ ಹೂಡಿ ಜೈಲಿಗೆ ಹೋದವರೂ ಉಂಟು.

ಹರಿಕೇನ್ ಕಣ್ಣಿಗೆ ಒಂದು ದೋಣಿ, 12ನೇ ನಂಬರಿನದು, ಬೀಳಲೇ ಇಲ್ಲ. ಅದರೊಳಗೆ 46 ಜನ, ಆರು ಹುಡುಗರು, ಸಂಗೀತದ ಮೇಷ್ಟ್ರಮ್ಮ ಮೇರಿ ಕಾರ್ನಿಶ್, ಮೂವತ್ತಕ್ಕೂ ಮಿಕ್ಕ ಲ್ಯಾಸ್ಕರುಗಳು. ಎಂಟು ದಿನ ಅಳೆದು ಕುಡಿದ ನೀರು, ಬಿಸ್ಕತ್ತು, ಡಬ್ಬಿಯ ಮೀನು. ಕೊನೆಗೆ ಸಂಡರ್ಲೆಂಡ್ ವಿಮಾನವೊಂದು ಅದನ್ನು ಕಂಡು ಸುದ್ದಿ ಮುಟ್ಟಿಸಿತು. ಮೇಲೆತ್ತಿಕೊಂಡದ್ದು ‘ಆ್ಯಂಥನಿ’ ಎಂಬ ಯುದ್ಧನೌಕೆ. ಅದು ಬೇರೆ ಹಡಗುಗಳ ಬೆಂಗಾವಲಿಗಿತ್ತು, ಅವನ್ನು ಬಿಟ್ಟು ಬರಬೇಕಾಯಿತು.