ರೆಕ್ಕೆಯುಳ್ಳ ವಿಜಯದೇವತೆ

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ, ವಿಶಾಲವಾದ ಮೆಟ್ಟಿಲುಗಳ ತುದಿಯಲ್ಲಿ, ಅಮೃತಶಿಲೆಯ ಸ್ತ್ರೀಮೂರ್ತಿಯೊಂದಿದೆ. ಅದಕ್ಕೆ ಶಿರಸ್ಸಿಲ್ಲ, ತೋಳುಗಳಿಲ್ಲ. ಉಳಿದಿರುವುದು ಗಾಳಿಗೆ ಅಲೆಯಾದ ಉಡುಗೆ ಮತ್ತು ಬಿಚ್ಚಿದ ರೆಕ್ಕೆಗಳು. 1863ರಲ್ಲಿ ಸಮೋಥ್ರೇಸ್ ದ್ವೀಪದಲ್ಲಿ ದೊರೆತ ಈ ಮೂರ್ತಿ ಗ್ರೀಕರ ವಿಜಯದೇವತೆ ನೀಕೆಯದು. ಹಡಗಿನ ಮೂತಿಯ ಮೇಲೆ ಆಗತಾನೆ ಇಳಿದವಳಂತೆ ಆಕೆ ನಿಂತಿದ್ದಾಳೆ.

ಓದುಗರೇ, ವಿಜಯಕ್ಕೆ ರೆಕ್ಕೆಗಳೇಕೆ? ಅದು ಮೇಲಿನಿಂದ ಬರುವ ವರವೆಂದು ಪ್ರಾಚೀನರು ನಂಬಿದ್ದರು. ಆದರೆ ಹಾರಿ ಬಂದದ್ದು ಹಾರಿಹೋಗಲೂಬಹುದಲ್ಲವೇ? ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ಪುಟ್ಟ ಗುಡಿಯಲ್ಲಿದ್ದ ವಿಜಯದೇವಿಗೆ ರೆಕ್ಕೆಗಳಿರಲಿಲ್ಲ. ರೆಕ್ಕೆಯಿಲ್ಲದ ಆಕೆ ತಮ್ಮ ನಗರವನ್ನು ಬಿಟ್ಟು ಹೋಗಲಾರಳೆಂಬುದು ಅಲ್ಲಿನವರ ಭಾವನೆಯೆಂದು ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಬರೆದಿದ್ದಾನೆ. ಆದರೂ ಕ್ರಿ.ಪೂ. 404ರಲ್ಲಿ ಅಥೆನ್ಸ್ ಸ್ಪಾರ್ಟಾಕ್ಕೆ ಶರಣಾಯಿತು.

ರೋಮನ್ನರಿಗೆ ಆಕೆ ವಿಕ್ಟೋರಿಯಾ. ಕ್ರಿ.ಪೂ. 29ರಲ್ಲಿ ಆಕ್ಟೇವಿಯನ್ ಆಕೆಯ ಪ್ರತಿಮೆಯನ್ನೂ ಪೀಠವನ್ನೂ ಸೆನೆಟ್ ಭವನದಲ್ಲಿ ಸ್ಥಾಪಿಸಿದನು. ಸದಸ್ಯರು ಅಲ್ಲಿ ಧೂಪ ಅರ್ಪಿಸುತ್ತಿದ್ದರು. ಕ್ರಿ.ಶ. 382ರಲ್ಲಿ ಸಾಮ್ರಾಟ ಗ್ರೇಷಿಯನ್ ಆ ಪೀಠವನ್ನು ತೆಗೆಸಿದನು. ಅದನ್ನು ಮರಳಿ ಇರಿಸಬೇಕೆಂದು 384ರಲ್ಲಿ ಸಿಮ್ಮಾಕಸ್ ಬಿನ್ನವಿಸಿಕೊಂಡಾಗ ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸ್ ಬಲವಾಗಿ ವಿರೋಧಿಸಿದರು, ಬಿನ್ನಹ ತಿರಸ್ಕೃತವಾಯಿತು. 410ರಲ್ಲಿ ಅಲಾರಿಕನ ಸೇನೆ ರೋಮನ್ನು ಸೂರೆಗೊಂಡಿತು. ಹಳೆಯ ದೇವತೆಗಳನ್ನು ಕಡೆಗಣಿಸಿದ್ದೇ ಅನಾಹುತಕ್ಕೆ ಕಾರಣವೆಂದು ಅನೇಕರು ದೂರಿದರು. ಆ ದೂರಿಗೆ ಉತ್ತರವಾಗಿಯೇ ಸಂತ ಅಗಸ್ಟೀನರು 'ದೇವನಗರ'ವನ್ನು ಬರೆಯತೊಡಗಿದರು.

ಇತಿಹಾಸದ ವಿಚಿತ್ರ ತಿರುವನ್ನು ಗಮನಿಸಿ. ಆರಂಭದ ಕ್ರೈಸ್ತ ಕಲೆಯಲ್ಲಿ ದೇವದೂತರಿಗೆ ರೆಕ್ಕೆಗಳಿಲ್ಲ. ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸಮಾಧಿಗಳಲ್ಲಿ, ಮಂಗಳವಾರ್ತೆಯದೆಂದು ಗುರುತಿಸಲಾಗುವ ಚಿತ್ರದಲ್ಲಿ, ದೂತನು ಸಾಮಾನ್ಯ ಯುವಕನಂತೆ ನಿಂತಿದ್ದಾನೆ. ನಾಲ್ಕನೆಯ ಶತಮಾನದ ಅಂತ್ಯದ ವೇಳೆಗೆ, ಅಂದರೆ ವಿಕ್ಟೋರಿಯಾಳ ಪೀಠ ಸೆನೆಟ್ಟಿನಿಂದ ಹೊರಬಿದ್ದ ಕಾಲದಲ್ಲೇ, ದೇವದೂತರಿಗೆ ರೆಕ್ಕೆಗಳು ಮೂಡತೊಡಗಿದವು. ಶಿಲ್ಪಿಗಳ ಕೈಗೆ ಪಳಗಿದ್ದ ಮಾದರಿ ಆ ವಿಜಯದೇವತೆಯದೇ ಆಗಿತ್ತು.

ರೂಪ ಉಳಿಯಿತು, ಅರ್ಥ ಬದಲಾಯಿತು. ನೀಕೆ ಗೆದ್ದವನ ತಲೆಗೆ ಕಿರೀಟ ತೊಡಿಸಲು ಹಾರಿ ಬಂದವಳು; ದೂತನಾದರೋ ತನ್ನದಲ್ಲದ ಮಾತನ್ನು ಹೊತ್ತು ಬಂದವನು. ಯೆಶಾಯನು ಕಂಡ ದರ್ಶನವನ್ನು ನೆನೆಯಿರಿ: ಸೆರಾಫಿಯರ ಆರು ರೆಕ್ಕೆಗಳಲ್ಲಿ ಹಾರಾಟಕ್ಕೆ ಬಳಕೆಯಾದವು ಎರಡೇ. ಉಳಿದ ನಾಲ್ಕು ಮುಖವನ್ನೂ ಕಾಲುಗಳನ್ನೂ ಮುಚ್ಚಿಕೊಳ್ಳುವುದಕ್ಕೆ. ಎತ್ತರಕ್ಕೇರಲು ಹಂಬಲಿಸುವ ನಾವು ಆ ನಾಲ್ಕನ್ನು ಮರೆಯದಿರೋಣ.