ಹಸುಗೂಸಿನ ಜೋಲಿಯೂ ನೀಲಿಯ ಬಣ್ಣವೂ

ಬಟ್ಟೆಗೆ ಬಣ್ಣ ಕಟ್ಟುವ ವಿದ್ಯೆಯು ಭರತಖಂಡದಲ್ಲಿ ಅತಿ ಪ್ರಾಚೀನವಾದುದು. ಅರಗು, ಗೋರೋಚನ ಮೊದಲಾದವುಗಳಿಂದ ಬಣ್ಣವೇರಿದ ವಸ್ತ್ರಗಳ ಹೆಸರಿಗೆ ಯಾವ ಪ್ರತ್ಯಯವು ಸಲ್ಲಬೇಕೆಂಬುದನ್ನು ಪಾಣಿನಿಯು ಅಷ್ಟಾಧ್ಯಾಯಿಯಲ್ಲಿ ವಿಧಿಸಿರುವನು. ವೈಯಾಕರಣನ ಗಮನಕ್ಕೂ ಬರುವಷ್ಟು ಆ ಕಸುಬು ಜನಜೀವನದಲ್ಲಿ ಬೆರೆತಿದ್ದಿತು. ಆದರೆ ನೀಲಿಯ ಚರಿತ್ರೆಯೆಂದೊಡನೆ ವಿದ್ಯಾವಂತರ ನೆನಪಿಗೆ ಬರುವುವು 1859ರಲ್ಲಿ ವಂಗದೇಶದ ರೈತರು ನೀಲಿತೋಟದ ದೊರೆಗಳಿಗೆ ಇದಿರಾಗಿ ನಿಂತುದು, 1917ರ ಚಂಪಾರಣ್ಯದ ಸತ್ಯಾಗ್ರಹ ಇವೇ. ಇವು ವ್ಯಾಪಾರದ ನೀಲಿಯ ಕಥೆಗಳು. ಮನೆಯಂಗಳದಲ್ಲಿ, ಕೂಸಿನ ಸಲುವಾಗಿ, ಹೆಂಗಸರ ಕೈಯಿಂದ ಹುಟ್ಟಿದ ನೀಲಿಗೆ ಬೇರೊಂದು ಚರಿತ್ರೆಯುಂಟು. ಅದನ್ನು ನಿಚ್ಚಳವಾಗಿ ಕಾಣಬೇಕಾದರೆ ಚೀನಾ ದೇಶದ ನೈರುತ್ಯದಲ್ಲಿರುವ ಗುಯಿಝೌ ಪ್ರಾಂತದ ಬೆಟ್ಟಸೀಮೆಯತ್ತ ನೋಡಬೇಕು.

ಅಲ್ಲಿಯ ಮಿಯಾವೋ ಜನಾಂಗದ ಹೆಂಗಸರು ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಹೊಲಮನೆಗಳ ಕೆಲಸ ಮಾಡುವ ರೂಢಿಯುಳ್ಳವರು. ಕೂಸನ್ನು ಆನುವ ಅಗಲವಾದ ಬಟ್ಟೆಯೊಂದು, ಅದರ ಮೇಲ್ಗಡೆಯಿಂದ ಹೊರಟು ತಾಯಿಯ ಹೆಗಲನ್ನು ಬಳಸಿ ಗಂಟಾಗುವ ಎರಡು ನೀಳವಾದ ಪಟ್ಟಿಗಳು: ಇಷ್ಟೇ ಆ ಜೋಲಿಯ ರಚನೆ. ಹಲವೆಡೆಗಳಲ್ಲಿ ಮೊಮ್ಮಗುವಿಗಾಗಿ ಇದನ್ನು ಸಿದ್ಧಪಡಿಸಿ ಕೊಡತಕ್ಕವಳು ತಾಯಿಯ ತಾಯಿ.

ಡಾನ್‌ಝಾಯಿ ಸೀಮೆಯಲ್ಲಿ ಕರಗಿಸಿದ ಮೇಣವನ್ನು ಲೋಹದ ಅಲಗಿನ ಲೇಖನಿಯಿಂದ ತೆಗೆದು, ಬಿಳಿಯ ಬಟ್ಟೆಯ ಮೇಲೆ ಸುರುಳಿ, ಹಕ್ಕಿ, ಹೂಗಳನ್ನು ಬರೆಯುವರು. ಮೇಣ ಹತ್ತಿದೆಡೆ ಬಣ್ಣ ಹತ್ತದು. ನೀಲಿಯ ಸೊಪ್ಪನ್ನು ನೀರಿನಲ್ಲಿ ಕೊಳೆಯಿಟ್ಟು ಸುಣ್ಣ ಬೆರಸಿ ಕಲಕಿದರೆ ಬಣ್ಣವು ಕೆಸರಿನಂತೆ ತಳಕ್ಕಿಳಿಯುವುದು. ಆ ಕೆಸರು ನೀರಿನಲ್ಲಿ ಕರಗತಕ್ಕುದಲ್ಲ. ಆದುದರಿಂದ ಬೂದಿಯ ತಿಳಿಯನ್ನೂ ಅಕ್ಕಿಯ ಮದ್ಯವನ್ನೂ ಕೂಡಿಸಿ ಬಾನಿಯಲ್ಲಿ ಹುಳಿಯಲು ಬಿಡುವರು. ಅದರಲ್ಲಿ ಅದ್ದಿ ತೆಗೆದ ಬಟ್ಟೆಯು ಮೊದಲು ಹಸುರುಹಳದಿಯಾಗಿದ್ದು, ಗಾಳಿ ಸೋಂಕಿದಂತೆ ಕಣ್ಣೆದುರಿಗೇ ನೀಲಿಯಾಗುವುದು. ಕಡುನೀಲಿ ಬೇಕಾದರೆ ಮರಳಿ ಮರಳಿ ಅದ್ದಿ ಆರಿಸಬೇಕು. ಕಡೆಗೆ ಬಿಸಿನೀರಿನಲ್ಲಿ ಕುದಿಸಲು, ಮೇಣ ಕರಗಿ ಬಿಳಿಯ ಚಿತ್ತಾರವು ಮೂಡುವುದು. ಬಾನಿಯು ಹದಕ್ಕೆ ಬಂದಿತೇ ಎಂಬುದನ್ನು ನೊರೆ, ಬಣ್ಣ, ವಾಸನೆಗಳಿಂದ ಅರಿಯಬೇಕಲ್ಲದೆ ಗ್ರಂಥದಿಂದ ಅರಿಯಲಾಗದು.

ಚಿತ್ತಾರಗಳಾದರೂ ಬರಿಯ ಅಲಂಕಾರವಲ್ಲ. ಚಿಟ್ಟೆಯೇ ಕುಲದ ಮೂಲಮಾತೆ, ಅವಳ ಹನ್ನೆರಡು ಮೊಟ್ಟೆಗಳಲ್ಲೊಂದರಿಂದ ಮೊದಲ ಮನುಷ್ಯನು ಹುಟ್ಟಿದನು ಎಂದು ಗುಯಿಝೌವಿನ ಆಗ್ನೇಯ ಭಾಗದ ಮಿಯಾವೋ ಜನರ ಪುರಾಣ. ಆ ಚಿಟ್ಟೆಯೇ ಜೋಲಿಯ ಮೇಲೂ ರೆಕ್ಕೆ ಬಿಚ್ಚಿ ಕೂಸನ್ನು ಕಾಯುವುದು. ಬಾಯಿಮಾತಿನಿಂದಲೇ ಪರಂಪರೆಯನ್ನು ಉಳಿಸಿಕೊಂಡು ಬಂದ ಆ ಜನಕ್ಕೆ ಬಟ್ಟೆಯೇ ತಾಳೆಯೋಲೆಯಾಯಿತು.

1897ರಲ್ಲಿ ಜರ್ಮನಿಯ ಕಾರ್ಖಾನೆಯ ಕೃತಕ ನೀಲಿಯು ಪೇಟೆಗೆ ಬಂದಿತು. ಭಾರತದ ನೀಲಿತೋಟಗಳು ಬಹುಬೇಗ ಕ್ಷೀಣಿಸಿದುವು. ಗುಯಿಝೌವಿನ ಬಾನಿಗಳು ಮಾತ್ರ ಪೂರ್ತಿಯಾಗಿ ಬರಿದಾಗಲಿಲ್ಲ. ಲಾಭಕ್ಕಾಗಿ ಬೆಳೆದುದು ಲಾಭ ತಪ್ಪಿದೊಡನೆ ಅಳಿಯಿತು. ಮಮತೆಗಾಗಿ ಬೆಳೆದುದು ನಿಂತಿತು. ಆದರೆ ಈಗ ಯಂತ್ರದ ಬಟ್ಟೆಯೂ ಅಂಗಡಿಯ ಜೋಲಿಯೂ ಸುಲಭವಾಗಿ ದೊರೆಯುವುದರಿಂದ ಮಮತೆಗೂ ಆ ಶ್ರಮವು ಬೇಕಿಲ್ಲವಾಗಿದೆ. 2006ರಲ್ಲಿ ಚೀನಾ ಸರಕಾರವು ಡಾನ್‌ಝಾಯಿಯ ಮೇಣದ ಚಿತ್ತಾರವಿದ್ಯೆಯನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಯು ವಿದ್ಯೆಗೆ ಗೌರವ ತರಬಲ್ಲುದು. ಬಾನಿಯ ಹದವನ್ನು ಕಲಿಸಲಾರದು. ಅದಕ್ಕೆ ತಾಯಿಯ ಮಗ್ಗುಲಲ್ಲಿ ಮಗಳು ನಿಲ್ಲಬೇಕು.

ಕನ್ನಡನಾಡಿನ ಕೂಲಿಯ ಹೆಂಗಸೂ ಹಳೆಯ ಸೀರೆಯನ್ನು ಮರದ ಕೊಂಬೆಗೆ ಕಟ್ಟಿ ಕೂಸನ್ನು ತೂಗುವಳು. ಶಿಲಾಶಾಸನಗಳು ದತ್ತಿಗಳನ್ನೂ ದಂಡಯಾತ್ರೆಗಳನ್ನೂ ಹೇಳುವುವು. ಆ ದಾನಿಗಳನ್ನೂ ದಂಡನಾಯಕರನ್ನೂ ಹೊತ್ತು ಬೆಳೆಸಿದ ಅರಿವೆಯ ಚರಿತ್ರೆಯನ್ನು ಬರೆಯುವುದು ಇನ್ನೂ ಉಳಿದಿದೆ.