ಕತ್ತರಿಸಿದ ಅಂಚಿನ ಗುಣ: ಉಕ್ಕಿನ ತೊಲೆ ಮತ್ತು ಭೂಕಂಪ

ಉಕ್ಕಿನ ತೊಲೆ ಕತ್ತರಿಸುವ ವಿಧಾನಗಳನ್ನು ವೇಗ ಮತ್ತು ಖರ್ಚಿನ ಲೆಕ್ಕದಲ್ಲಿ ಹೋಲಿಸುವುದು ರೂಢಿ. ಕತ್ತರಿಸಿದ ಮೇಲೆ ಉಳಿಯುವ ಅಂಚು ಕಟ್ಟಡದೊಳಗೆ ಹೇಗೆ ವರ್ತಿಸುತ್ತದೆ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಬಲ ಹೊರುವ ಅಂಚಿನ ಮಟ್ಟಿಗಾದರೂ ಸಲಕರಣೆಯ ಆಯ್ಕೆ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು ಎಂಬುದು ಈ ಲೇಖನದ ವಾದ.

ಗ್ಯಾಸ್ ಕಟಿಂಗ್ ಎಂದರೆ ಉಕ್ಕನ್ನು ಕರಗಿಸುವುದು ಎಂದೇ ಹಲವರು ತಿಳಿದಿದ್ದಾರೆ. ಅಸಿಟಿಲೀನ್ ಅಥವಾ ಎಲ್‌ಪಿಜಿ ಜ್ವಾಲೆಯ ಕೆಲಸ ಲೋಹವನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದಷ್ಟೆ. ಆಮೇಲೆ ಹಾಯಿಸುವ ಶುದ್ಧ ಆಮ್ಲಜನಕದ ಧಾರೆಯಲ್ಲಿ ಕಬ್ಬಿಣ ತಾನೇ ಉರಿದು ಆಕ್ಸೈಡ್ ಆಗುತ್ತದೆ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಆಕ್ಸೈಡ್ ಅದಕ್ಕೂ ಮೊದಲೇ ಕರಗುವುದರಿಂದ ಧಾರೆ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗಿದರೂ ಅದರ ಆಕ್ಸೈಡ್ ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಹಾಗಾಗಿ ಅಲ್ಲಿ ಈ ವಿಧಾನ ಸಾಗದು, ಪ್ಲಾಸ್ಮಾದಂಥ ಬೇರೆ ವಿಧಾನ ಬೇಕಾಗುತ್ತದೆ. ಬ್ಯಾಂಡ್ ಸಾ ಅಂಚನ್ನು ಬಿಸಿ ಮಾಡದೆ ಕೊಯ್ಯುತ್ತದೆ. ಆದರೆ ಅದರ ಸಾಮರ್ಥ್ಯ ನೇರ ಕೊಯ್ತದಲ್ಲಿದೆ. ತೊಲೆಯ ತುದಿಯಲ್ಲಿ ಬಾಗಿದ ಕಚ್ಚು ತೆಗೆಯಬೇಕಾದಾಗ ಗ್ಯಾಸ್ ಟಾರ್ಚ್ ಕೈಗೆ ಬರುತ್ತದೆ.

ತೊಡಕು ಇರುವುದು ಆ ಕಚ್ಚಿನಲ್ಲೇ. ಜ್ವಾಲೆ ಹಾದ ಅಂಚು ಸುತ್ತಲಿನ ತಣ್ಣನೆಯ ಉಕ್ಕಿನಿಂದಾಗಿ ಬೇಗ ಆರಿ ಗಡುಸಾಗುತ್ತದೆ. ಟಾರ್ಚ್ ಹಿಡಿದ ಕೈ ಒಂದಿಷ್ಟು ಅಲುಗಿದರೂ ಅಂಚಿನಲ್ಲಿ ಗೀರು ಬೀಳುತ್ತದೆ. ಗಡುಸು, ಗೀರು, ಒಳಮೂಲೆ ಮೂರೂ ಒಂದೇ ಕಡೆ ಕೂಡಿದರೆ ಬಿರುಕಿಗೆ ಹಾದಿಯಾಗುತ್ತದೆ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ ಇದು ಕಣ್ಣಿಗೇ ಕಂಡಿತು. ತೊಲೆಯ ಫ್ಲೇಂಜನ್ನು (ಮೇಲಿನ ಅಥವಾ ಕೆಳಗಿನ ಅಡ್ಡಪಟ್ಟಿಯನ್ನು) ಕಂಬಕ್ಕೆ ಬೆಸೆಯಲು ಅನುವಾಗಲೆಂದು ವೆಬ್‌ನಲ್ಲಿ (ನಡುವಿನ ನಿಂತ ತಟ್ಟೆಯಲ್ಲಿ) ತೆಗೆದಿದ್ದ ಅರ್ಧಚಂದ್ರ ಕಚ್ಚಿನ ಬುಡದಿಂದ ಹಲವು ತೊಲೆಗಳು ಸೀಳಿದ್ದವು. ಕಚ್ಚಿನ ಆಕಾರವನ್ನು ತಿದ್ದುವ, ಸಾಧ್ಯವಾದರೆ ಕಚ್ಚನ್ನೇ ಕೈಬಿಡುವ ಕ್ರಮ ಜಪಾನಿನಲ್ಲಿ ಆ ಬಳಿಕ ಬೆಳೆಯಿತು. ಅಮೆರಿಕದ ಉಕ್ಕು ಸಂಹಿತೆ 50 ಮಿ.ಮೀ.ಗಿಂತ ದಪ್ಪ ಫ್ಲೇಂಜಿನ ರೋಲ್ಡ್ ತೊಲೆಯಲ್ಲಿ ಇಂಥ ಕಚ್ಚು ತೆಗೆಯುವ ಮೊದಲು ಅದನ್ನು ಕನಿಷ್ಠ 65 ಡಿಗ್ರಿಗೆ ಕಾಯಿಸಬೇಕೆನ್ನುತ್ತದೆ. ಅಂಚು ನಿಧಾನವಾಗಿ ಆರಲಿ ಎಂಬುದು ಉದ್ದೇಶ.

ಕೋಬೆಗೆ ಸರಿಯಾಗಿ ಒಂದು ವರ್ಷ ಮೊದಲು, 1994ರ ಜನವರಿ 17ರಂದು, ಕ್ಯಾಲಿಫೋರ್ನಿಯದ ನಾರ್ತ್‌ರಿಡ್ಜ್ ಭೂಕಂಪದಲ್ಲಿ ತೊಲೆ–ಕಂಬಗಳ ಬೆಸುಗೆಗಳು ಒಡೆದಿದ್ದವು. ಅದಕ್ಕೆ ಸಿಕ್ಕ ಒಂದು ಉತ್ತರ ಮೇಲ್ನೋಟಕ್ಕೆ ವಿಚಿತ್ರ: ತೊಲೆಯನ್ನು ಬೇಕೆಂದೇ ದುರ್ಬಲಗೊಳಿಸುವುದು. ಕಂಬದಿಂದ ತುಸು ದೂರದಲ್ಲಿ ಫ್ಲೇಂಜಿನ ಎರಡೂ ಬದಿಯನ್ನು ಕಮಾನಿನಂತೆ ಕತ್ತರಿಸಿದರೆ ತೊಲೆ ಅಲ್ಲೇ ಬಾಗುತ್ತದೆ, ಬೆಸುಗೆ ಉಳಿಯುತ್ತದೆ. ಬೆಲ್ಜಿಯಂನ ಎಂಜಿನಿಯರ್ ಪ್ಲೂಮಿಯೆ ಈ ವಿಚಾರವನ್ನು 1990ರಲ್ಲೇ ಮುಂದಿಟ್ಟಿದ್ದರು. ಪ್ರತಿ ಬದಿಯಲ್ಲಿ ಫ್ಲೇಂಜ್ ಅಗಲದ ಕಾಲು ಭಾಗದವರೆಗೆ, ಅಂದರೆ ಒಟ್ಟು ಅರ್ಧದಷ್ಟನ್ನು, ತೆಗೆಯಲು ಅವಕಾಶವಿದೆ.

ಕಂಪನದ ಹೊತ್ತಿನಲ್ಲಿ ಅತಿ ಹೆಚ್ಚು ಹಿಗ್ಗಿ ಕುಗ್ಗುವುದು ಟಾರ್ಚ್ ಕತ್ತರಿಸಿದ ಆ ಕಮಾನಿನ ಅಂಚೇ. ಆದ್ದರಿಂದ ಅಮೆರಿಕದ ನಿಯಮ ಅಲ್ಲಿ ಮೇಲ್ಮೈ ಒರಟುತನಕ್ಕೆ 13 ಮೈಕ್ರಾನ್ ಮಿತಿ ಹಾಕಿದೆ, 6 ಮಿ.ಮೀ.ವರೆಗಿನ ಗೀರನ್ನು ಗ್ರೈಂಡರಿನಿಂದ ಉಜ್ಜಿ ನಯವಾಗಿ ಸೇರಿಸಬೇಕು ಎನ್ನುತ್ತದೆ. ಹಳಿಯ ಮೇಲೆ ಸಾಗುವ ಯಂತ್ರದ ಟಾರ್ಚಿಗೆ ಇದು ಕಷ್ಟವಲ್ಲ. ಬರಿಗೈಯಲ್ಲಿ ಹಿಡಿದ ಟಾರ್ಚಿನಿಂದ ಇದನ್ನು ನಿರೀಕ್ಷಿಸುವುದು, ಕುಶಲಿ ಎಷ್ಟೇ ಅನುಭವಿಯಾಗಿರಲಿ, ಅತಿಯಾಸೆ.

ಭಾರತದ ಉಕ್ಕು ಸಂಹಿತೆ ಐಎಸ್ 800:2007 ಗರಗಸ, ಶಿಯರಿಂಗ್, ಗ್ಯಾಸ್ ಕಟಿಂಗ್ ಎಲ್ಲವನ್ನೂ ಒಪ್ಪುತ್ತದೆ. ಆಯ್ಕೆ ಹೀಗೆ ಮುಕ್ತವಾಗಿರುವಾಗ ಬಲ ಹೊರುವ ಪ್ರತಿ ಅಂಚಿಗೂ ಸಲಕರಣೆ ಯಾವುದು, ಒರಟುತನದ ಮಿತಿ ಎಷ್ಟು, ಉಜ್ಜಬೇಕೇ ಎಂಬುದನ್ನು ನಕ್ಷೆಯಲ್ಲೇ ಬರೆಯುವ ಹೊಣೆ ವಿನ್ಯಾಸಕಾರರದು. ಅದನ್ನು ಶೆಡ್ಡಿನ ಮೇಸ್ತ್ರಿಯ ವಿವೇಚನೆಗೆ ಬಿಡಬಾರದು.